ಹಳೆಯ ದಾಖಲೆಗೆ ಹೊಸ ಮುಖ

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಒಂದು ಹೋಬಳಿ ಕೇಂದ್ರ. ರಾಗಿ, ತೆಂಗು, ಹಿಪ್ಪುನೇರಳೆ ಈ ಸೀಮೆಯ ಬೆಳೆಗಳು. ಇಲ್ಲಿನ ರೈತನು ಬ್ಯಾಂಕಿನಲ್ಲಿ ಬೆಳೆಸಾಲ ಕೇಳಲಿ, ಜಮೀನು ಮಾರಲಿ, ಮಕ್ಕಳಿಗೆ ಪಾಲು ಹಂಚಲಿ, ಅವನಿಗೆ ಮೊದಲು ಬೇಕಾಗುವುದು ಪಹಣಿ. ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು, ಸಾಲದ ಹೊರೆ, ಬೆಳೆ ಇವೆಲ್ಲವೂ ಅದರಲ್ಲಿ ನಮೂದಾಗಿರುತ್ತವೆ. ಅದರಲ್ಲಿ ಒಂದು ಹೆಸರು ತಪ್ಪಿದರೆ ಸಾಲ ನಿಲ್ಲುತ್ತದೆ; ಒಂದು ಅಂಕಿ ತಪ್ಪಿದರೆ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಬಹುಕಾಲ ಈ ದಾಖಲೆಗಳು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು. ಪುಸ್ತಕ ಅವರ ವಶದಲ್ಲಿದ್ದುದರಿಂದ ಅದನ್ನು ನೋಡಬೇಕಾದ ರೈತನು ಅವರನ್ನೇ ಅರಸಿಕೊಂಡು ಹೋಗಬೇಕಾಗಿತ್ತು. ಇವುಗಳನ್ನು ಗಣಕಯಂತ್ರಕ್ಕೆ ಸೇರಿಸುವ ಮೊದಲ ಪ್ರಯೋಗ 1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ನಡೆಯಿತು.

ಆ ಕಾಲದ ಕಚೇರಿಗಳಲ್ಲಿದ್ದ ಗಣಕಯಂತ್ರಗಳು ಇಂದಿನವುಗಳಂತಿರಲಿಲ್ಲ. ಕಪ್ಪು ಪರದೆಯ ಮೇಲೆ ಅಕ್ಷರಗಳ ಸಾಲುಗಳಷ್ಟೇ ಕಾಣುತ್ತಿದ್ದವು. ಡಿಬೇಸ್, ಕ್ಲಿಪ್ಪರ್, ಫಾಕ್ಸ್‌ಪ್ರೊ ಮೊದಲಾದ ಸಾಧನಗಳಿಂದ ಸಿದ್ಧಪಡಿಸಿದ ಕ್ರಮವಿಧಿಗಳು ಬಳಕೆಯಲ್ಲಿದ್ದವು. ಮಾಹಿತಿಯನ್ನು ಕ್ರಮಬದ್ಧವಾಗಿ ಕೂಡಿಡುವ ಇಂಥ ಭಂಡಾರಕ್ಕೆ ಡೇಟಾಬೇಸ್ ಎಂದು ಹೆಸರು. ಕೆಲಸವೇನೋ ಸಾಗುತ್ತಿತ್ತು, ಆದರೆ ಯಾವ ಕೀಲಿಯನ್ನು ಒತ್ತಿದರೆ ಏನಾಗುತ್ತದೆಂಬುದನ್ನು ಬಲ್ಲವರು ಕೆಲವರು ಮಾತ್ರ. ಉಳಿದವರಿಗೆ ಆ ಪರದೆ ಬೀಗ ಹಾಕಿದ ಪೆಟ್ಟಿಗೆಯಂತೆಯೇ ಇತ್ತು.

ಇದಕ್ಕೆ ಪರಿಹಾರವಾಗಿ ಬಂದುದು ಚಿತ್ರಗಳನ್ನೂ ಗುಂಡಿಗಳನ್ನೂ ತೋರಿಸುವ ಪರದೆ. ಇಂಗ್ಲಿಷಿನಲ್ಲಿ ಗ್ರಾಫಿಕಲ್ ಇಂಟರ್‌ಫೇಸ್ ಎನ್ನುವ ಇದನ್ನು ಕನ್ನಡದಲ್ಲಿ ಚಿತ್ರಮುಖವೆಂದು ಕರೆಯಬಹುದು. ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧಕರು 1973ರಲ್ಲಿ ಇಂಥ ಯಂತ್ರವೊಂದನ್ನು ರೂಪಿಸಿದರು. 1984ರಲ್ಲಿ ಬಂದ ಮ್ಯಾಕಿಂಟಾಷ್ ಮತ್ತು 1990ರಲ್ಲಿ ಬಂದ ವಿಂಡೋಸ್ 3.0 ಅದನ್ನು ಜನಸಾಮಾನ್ಯರ ಬಳಿಗೆ ತಂದವು. ಆಗ ಎಲ್ಲ ಕಚೇರಿಗಳಲ್ಲಿಯೂ ಒಂದೇ ಪ್ರಶ್ನೆ ಎದ್ದಿತು: ವರ್ಷಗಟ್ಟಲೆ ದುಡಿದು ಕೂಡಿಸಿದ ಹಳೆಯ ಭಂಡಾರಕ್ಕೆ ಈ ಹೊಸ ಮುಖವನ್ನು ಜೋಡಿಸುವುದು ಹೇಗೆ?

ಊರಿನ ಹಳೆಯ ಬಾವಿಯೊಂದನ್ನು ನೆನೆಯೋಣ. ನೀರು ಸಿಹಿಯಾಗಿದೆ, ಆದರೆ ಸೇದುವುದು ಕಷ್ಟ. ಇದ್ದ ಹಗ್ಗಕ್ಕೆ ಒಂದು ರಾಟೆಯನ್ನು ಕಟ್ಟಬಹುದು. ಬಾವಿಯನ್ನು ಹಾಗೆಯೇ ಉಳಿಸಿಕೊಂಡು ಪಂಪನ್ನು ಕೂಡಿಸಬಹುದು. ಇಲ್ಲವೇ ಬೇರೊಂದು ಬಾವಿಯನ್ನೇ ತೋಡಬಹುದು. ಗಣಕಯಂತ್ರದ ವಿಷಯದಲ್ಲಿಯೂ ದಾರಿಗಳು ಮೂರು. ಮೊದಲನೆಯದು, ಹಳೆಯ ಕ್ರಮವಿಧಿಯನ್ನು ಮುಟ್ಟದೆ ಅದರ ಅಕ್ಷರಪರದೆಯ ಮೇಲೆ ಚಿತ್ರಪರದೆಯ ಮುಸುಕನ್ನು ಹೊದಿಸುವುದು. ಇದಕ್ಕೆ ಖರ್ಚೂ ಕಾಲವೂ ಕಡಿಮೆ. ಆದರೆ ಒಳಗಿನ ಕುಂದುಗಳೆಲ್ಲ ಹಾಗೆಯೇ ಉಳಿಯುತ್ತವೆ. ಎರಡನೆಯದು, ಮಾಹಿತಿಯನ್ನು ಇದ್ದಲ್ಲಿಯೇ ಇರಿಸಿ ಪರದೆಗಳನ್ನು ಮಾತ್ರ ಹೊಸದಾಗಿ ಕಟ್ಟುವುದು. 1991ರಲ್ಲಿ ಬಂದ ವಿಷುವಲ್ ಬೇಸಿಕ್ ಪರದೆ ಕಟ್ಟುವ ಕೆಲಸವನ್ನೂ, 1992ರಲ್ಲಿ ಬಂದ ಓಡಿಬಿಸಿ ಎಂಬ ಸೇತುವೆ ಬೇರೆ ಬೇರೆ ಭಂಡಾರಗಳಿಂದ ಮಾಹಿತಿ ತರುವ ಕೆಲಸವನ್ನೂ ಸುಲಭಗೊಳಿಸಿದವು. ಮೂರನೆಯದು, ಎಲ್ಲವನ್ನೂ ಹೊಸದಾಗಿ ಬರೆಯುವುದು. ಇದರಲ್ಲಿ ಲಾಭವೂ ಹೆಚ್ಚು, ಅಪಾಯವೂ ಹೆಚ್ಚು.

ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಸಾಧನದ ಅಂದಚೆಂದದಿಂದ ತೀರ್ಮಾನವಾಗಬಾರದು. ಮೊದಲು ನೋಡಬೇಕಾದುದು ನಿಯಮಗಳು ಎಲ್ಲಿವೆ ಎಂಬುದನ್ನು. 40 ಗುಂಟೆಗೆ 1 ಎಕರೆ. ಆದುದರಿಂದ ಗುಂಟೆಯ ಅಂಕಣದಲ್ಲಿ 39ಕ್ಕಿಂತ ದೊಡ್ಡ ಅಂಕಿ ಬರಲಾಗದು. ಪಾಲುದಾರರ ವಿಸ್ತೀರ್ಣಗಳ ಮೊತ್ತ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣವನ್ನು ಮೀರಬಾರದು. ಇಂಥ ನಿಯಮಗಳನ್ನು ಕಾಯುತ್ತಿದ್ದುದು ಹಳೆಯ ಕ್ರಮವಿಧಿಯಾಗಿದ್ದರೆ, ಅದನ್ನು ಬದಿಗಿಟ್ಟು ಹೊಸ ಪರದೆಯನ್ನು ನೇರವಾಗಿ ಭಂಡಾರಕ್ಕೆ ಜೋಡಿಸಿದಾಗ ಕಾವಲು ತಪ್ಪುತ್ತದೆ. ಸುಂದರವಾದ ಪರದೆಯ ಮೂಲಕವೇ ತಪ್ಪು ಅಂಕಿ ಒಳಸೇರುತ್ತದೆ.

ಎರಡನೆಯದಾಗಿ, ಬಳಸುವವರು ಯಾರೆಂಬುದನ್ನು ಅರಿಯಬೇಕು. ದಿನವಿಡೀ ಅಂಕಿಗಳನ್ನು ತುಂಬುವ ಗುಮಾಸ್ತನ ಬೆರಳುಗಳಿಗೆ ಕೀಲಿಮಣೆಯೇ ವೇಗ; ಪ್ರತಿಯೊಂದಕ್ಕೂ ಮೌಸ್ ಹಿಡಿಯಬೇಕಾದರೆ ಅವನ ಕೆಲಸ ಕುಂಟುತ್ತದೆ. ವರ್ಷಕ್ಕೊಮ್ಮೆ ಬರುವ ರೈತನಿಗಾದರೋ ದೊಡ್ಡ ಅಕ್ಷರ, ಸ್ಪಷ್ಟವಾದ ಗುಂಡಿಗಳು ಬೇಕು. ಇಬ್ಬರ ಅನುಕೂಲವನ್ನೂ ಗಮನಿಸಿದ ಸಾಧನವೇ ಒಳ್ಳೆಯ ಸಾಧನ.

ಮೂರನೆಯದು ಭಾಷೆ. ಇಂಗ್ಲಿಷಿಗಾಗಿ ಹುಟ್ಟಿದ ಕ್ರಮವಿಧಿಗಳಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸಲು 1980ರ ದಶಕದಲ್ಲಿ ಜಿಸ್ಟ್ ತಂತ್ರಜ್ಞಾನ ಬಂದಿತು. 1991ರಲ್ಲಿ ಇಸ್ಕಿ ಎಂಬ ಸಂಕೇತಕ್ರಮ ಭಾರತೀಯ ಮಾನಕವಾಯಿತು. ಆದರೂ ಅನೇಕ ಕಡೆ ಅಕ್ಷರಗಳನ್ನು ಆಯಾ ಫಾಂಟಿನ ಗುಟ್ಟಿನ ಸಂಕೇತಗಳಲ್ಲಿಯೇ ಉಳಿಸಲಾಯಿತು. ಫಾಂಟು ಬದಲಾದೊಡನೆ ಹೆಸರುಗಳು ಅರ್ಥವಿಲ್ಲದ ಗೀಟುಗಳಾದವು. ಇಂದು ಜಗತ್ತಿನ ಲಿಪಿಗಳಿಗೆಲ್ಲ ಯೂನಿಕೋಡ್ ಸಾಮಾನ್ಯ ಕ್ರಮವಾಗಿದೆ; ಅದನ್ನು ಅರಿಯದ ಸಾಧನವನ್ನು ಕನ್ನಡದ ದಾಖಲೆಗೆ ಆರಿಸಲಾಗದು.

ಕೊನೆಯದು ಸಾಧನದ ಆಯುಸ್ಸು. ಒಂದು ಕಾಲಕ್ಕೆ ಎಲ್ಲೆಲ್ಲಿಯೂ ಮೆರೆದ ವಿಷುವಲ್ ಬೇಸಿಕ್ 6ರ ರಚನಾಸಾಧನಕ್ಕೆ ತಯಾರಕರ ಬೆಂಬಲ 2008ರಲ್ಲಿ ನಿಂತಿತು. ವಿಷುವಲ್ ಫಾಕ್ಸ್‌ಪ್ರೊಗೆ 2015ರಲ್ಲಿ. ಪಹಣಿಯಾದರೋ ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಾದುದು. ಆದುದರಿಂದ ಮಾಹಿತಿಯನ್ನು ಬೇಕೆಂದಾಗ ಪೂರ್ಣವಾಗಿ ಹೊರತೆಗೆಯಲು ಬಿಡದ ಸಾಧನ ಎಷ್ಟು ಅಗ್ಗವಾಗಿದ್ದರೂ ದುಬಾರಿಯೇ.

ಪಹಣಿಯ ಕಥೆಯೇ ಇದಕ್ಕೆ ಸಾಕ್ಷಿ. 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಗಣಕೀಕರಣ ಮಂಜೂರಾಗಿತ್ತು. ಆದರೆ ದಾಖಲೆಗಳು ನಿಜವಾಗಿ ತಿದ್ದುಪಡಿಯಾಗುತ್ತಿದ್ದ ತಾಲ್ಲೂಕು ಕಚೇರಿಗಳಲ್ಲಿ ಗಣಕಯಂತ್ರಗಳಿಗೆ ಏರ್ಪಾಡಿರಲಿಲ್ಲ. ತಿದ್ದುಪಡಿ ಸೇರದ ಮಾಹಿತಿಯಿಂದ ರೈತನಿಗೆ ಪ್ರಯೋಜನವಿಲ್ಲ. ಅನಂತರ ಬಂದ ಭೂಮಿ ಯೋಜನೆ ಈ ಕೊರತೆಯನ್ನು ನೀಗಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅದರ ತಂತ್ರಾಂಶವನ್ನು ರಚಿಸಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಗಣಕಕ್ಕೆ ಸೇರಿದವು; 15 ರೂಪಾಯಿ ಶುಲ್ಕಕ್ಕೆ ಪಹಣಿಯ ಪ್ರತಿ ದೊರೆಯತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಮುಂದೆ ಸಾಗುವಂತೆ ನಿಯಮವನ್ನು ತಂತ್ರಾಂಶದೊಳಗೇ ಇರಿಸಲಾಯಿತು. ಬೆರಳಚ್ಚು ನೀಡದೆ ಸಿಬ್ಬಂದಿಗೆ ಒಳಪ್ರವೇಶವಿರಲಿಲ್ಲ.

ಇವೆಲ್ಲಕ್ಕಿಂತ ಗಮನಾರ್ಹವಾದುದು ಇನ್ನೊಂದು ಸರಳ ಏರ್ಪಾಡು. ಭೂಮಿ ಕೇಂದ್ರದಲ್ಲಿ ಸಿಬ್ಬಂದಿಯ ಪರದೆಯ ಜೊತೆಗೆ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನೂ ಇರಿಸಲಾಯಿತು. ತನ್ನ ದಾಖಲೆಯ ಮೇಲೆ ನಡೆಯುತ್ತಿರುವ ಕೆಲಸವನ್ನು ಅವನು ತನ್ನ ಕಣ್ಣಿನಿಂದಲೇ ಕಾಣುವಂತಾಯಿತು.

ಹಳೆಯ ಭಂಡಾರಕ್ಕೆ ಹೊಸ ಮುಖ ಕೊಡುವುದರ ಉದ್ದೇಶ ಇದೇ. ಸಾಧನಗಳು ಬರುತ್ತವೆ, ಹೋಗುತ್ತವೆ. ದಾಖಲೆ ಉಳಿಯಬೇಕು, ಮತ್ತು ಅದು ಯಾರದೋ ಅವರಿಗೆ ಅರ್ಥವಾಗುವಂತೆ ಕಾಣಬೇಕು. ವಿರೂಪಾಕ್ಷಿಪುರದ ರೈತನು ಪರದೆಯ ಮೇಲೆ ತನ್ನ ಹೆಸರನ್ನು ಕನ್ನಡದಲ್ಲಿ ಓದಿ, ಗುಂಟೆಯ ಲೆಕ್ಕವನ್ನು ತಾನೇ ತಾಳೆ ನೋಡಬಲ್ಲನಾದರೆ ಆ ಆಯ್ಕೆ ಸರಿಯಾದುದೆಂದು ಹೇಳಬಹುದು.