ಎ.ಸಿ. ಕೊಳ್ಳುವ ಮುಂಚೆ ಹಳೇ ಬಿಲ್ ನೋಡಿ



ಏಪ್ರಿಲ್ ಬಂತೆಂದರೆ ಕಾಟನ್‌ಪೇಟೆಯ ಒತ್ತೊತ್ತು ಮನೆಗಳಲ್ಲಿ ರಾತ್ರಿ ನಿದ್ದೆ ಹತ್ತೋದಿಲ್ಲ. ಸಂಘದಲ್ಲಿ ಸಾಲ ತಗೊಂಡು ಎ.ಸಿ. ಹಾಕಿಸೋಣ ಅನ್ನಿಸುವುದು ಸಹಜ. ಅಂಗಡಿಗೆ ಹೋಗುವ ಮುಂಚೆ ಹಳೇ ಕರೆಂಟ್ ಬಿಲ್ ತೆಗೆದು ನೋಡಿ.

2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ, ನಮ್ಮ ಮನೆಗೆ ನಿಗದಿಯಾದ ಯೂನಿಟ್ ಮೀರಿದರೆ ಹೆಚ್ಚಿನದಕ್ಕೆ ಮಾತ್ರ ಹಣ. ತಿಂಗಳಿಗೆ 200 ದಾಟಿತೋ, ಪೂರ್ತಿ ಬಿಲ್ ನಾವೇ ಕಟ್ಟಬೇಕು. ಒಂದು ಟನ್ ಎ.ಸಿ. ಗಂಟೆಗೆ ಮುಕ್ಕಾಲು ಯೂನಿಟ್ ಎಳೆದರೂ, ದಿನಾ ಆರು ಗಂಟೆಯಂತೆ ತಿಂಗಳಿಗೆ 135 ಯೂನಿಟ್. ಈಗ 80 ಯೂನಿಟ್ ಬಳಸುವ ಮನೆ 215ಕ್ಕೆ ಹೋಗುತ್ತದೆ. ಸಾಲದ ಕಂತಿನ ಜೊತೆ ಇದೂ ಬಂತು!

ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಗೆ ಒಂದು ಟನ್ ಸಾಕು. ಶೀಟಿನ ಮನೆಯಾದರೆ ಮೊದಲು ಶೀಟಿನ ಮೇಲೆ ಬಿಳಿ ಬಣ್ಣ ಬಳಿಸಿ. ಎ.ಸಿ.ಯೇ ಬೇಡ ಅನ್ನಿಸಿದರೂ ಅನ್ನಿಸೀತು.

ಕೊಳ್ಳುವುದೇ ಆದರೆ ಸ್ಟಾರ್ ಚೀಟಿಯಲ್ಲಿ ಸ್ಟಾರ್ ಎಣಿಸಿ ಸುಮ್ಮನಾಗಬೇಡಿ. ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅದರಲ್ಲೇ ಬರೆದಿರುತ್ತದೆ. ಅದು 1600 ಗಂಟೆಯ ಲೆಕ್ಕ. ಅಂಕಿ ಕಡಿಮೆ ಇರುವ ಇನ್ವರ್ಟರ್ ಎ.ಸಿ. ಆರಿಸಿ. 26 ಡಿಗ್ರಿಗೆ ಇಟ್ಟು ಫ್ಯಾನ್ ಹಾಕಿಕೊಳ್ಳಿ. ಹಳೇ ವೈರಿಂಗ್‌ಗೆ ತಗುಲಿಸದೆ ಅರ್ತಿಂಗ್ ಇರುವ ಬೇರೆ ಲೈನ್ ಎಳೆಸಿ. ಬಾಡಿಗೆ ಮನೆಯಾದರೆ ಗೋಡೆ ಕೊರೆಯುವ ಮುಂಚೆ ಮಾಲೀಕರನ್ನು ಕೇಳಿ. ಹೊರಗಿನ ಪೆಟ್ಟಿಗೆಯ ಬಿಸಿಗಾಳಿ ಎದುರು ಮನೆಯವರ ಕಿಟಕಿಗೆ ಹೊಡೆಯದಂತೆಯೂ ನೋಡಿಕೊಳ್ಳಿ.