ಕಾರು ಅಪಘಾತದ ಭೌತಶಾಸ್ತ್ರ

ಕಾರು ಅಪಘಾತದ ಭೌತಶಾಸ್ತ್ರವು, ಚಲಿಸುತ್ತಿರುವ ಕಾರು ಡಿಕ್ಕಿಯಿಂದ ಹಠಾತ್ತನೆ ನಿಂತಾಗ ಅದರ ಮೇಲೂ ಒಳಗಿರುವವರ ಮೇಲೂ ಉಂಟಾಗುವ ಬಲಗಳನ್ನು ವಿವರಿಸುತ್ತದೆ. ದೇಹವು ಎಷ್ಟು ದೂರದೊಳಗೆ ನಿಲ್ಲುತ್ತದೆ ಎಂಬುದು ಗಾಯದ ತೀವ್ರತೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ವೇಗ ಮತ್ತು ಶಕ್ತಿ

ಚಲನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಪಶ್ಚಿಮ ಬೆಂಗಳೂರಿನ ವಿಜಯನಗರದ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದ ಕಾರು, ಕೆಂಗೇರಿ ದಾಟಿ ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿಯಾದ 100 ಕಿ.ಮೀ. ವೇಗ ಪಡೆದರೆ, ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮೊದಲನೆಯದು ಸುಮಾರು 10 ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ಎರಡನೆಯದು ಸುಮಾರು 39 ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ.

ಒಂದೇ ದಿಕ್ಕಿನಲ್ಲಿ ಸಾಗುವ ವಾಹನಗಳ ನಡುವಿನ ವೇಗದ ಅಂತರವೂ ಹಿಂದಿನಿಂದಾಗುವ ಡಿಕ್ಕಿಯನ್ನು ತೀವ್ರಗೊಳಿಸುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೊ ಹಾಗೂ ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು.

ಮೂರು ಡಿಕ್ಕಿಗಳು

ಅಪಘಾತದಲ್ಲಿ ಮೊದಲು ಕಾರು ಎದುರಿನ ವಸ್ತುವಿಗೆ ಬಡಿಯುತ್ತದೆ. ಜಡತ್ವದ ಕಾರಣ ಹಳೆಯ ವೇಗದಲ್ಲೇ ಮುಂದೆ ಸಾಗುವ ದೇಹವು ಕಾರಿನ ಒಳಭಾಗಕ್ಕೆ ಬಡಿಯುತ್ತದೆ. ಕೊನೆಗೆ ಮಿದುಳು, ಹೃದಯ ಮುಂತಾದ ಅಂಗಗಳು ದೇಹದೊಳಗಿನ ಎಲುಬುಗಳಿಗೆ ಬಡಿಯುತ್ತವೆ. ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತಸ್ರಾವವಾಗಲು ಇದು ಕಾರಣ.

ನಿಲ್ಲುವ ದೂರ

50 ಕಿ.ಮೀ. ವೇಗದ ದೇಹವು 60 ಸೆಂ.ಮೀ. ದೂರದಲ್ಲಿ ನಿಂತರೆ, ಅದರ ಮೇಲಿನ ಸರಾಸರಿ ಬಲವು ಅದರ ತೂಕದ ಸುಮಾರು 16 ಪಟ್ಟು. 6 ಸೆಂ.ಮೀ.ಯಲ್ಲೇ ನಿಂತರೆ ಆ ಬಲ ಹತ್ತು ಪಟ್ಟು ಹೆಚ್ಚುತ್ತದೆ. ಮಡಿಲಲ್ಲಿರುವ 10 ಕಿ.ಗ್ರಾಂ. ತೂಕದ ಮಗುವನ್ನು 60 ಸೆಂ.ಮೀ.ಯಲ್ಲಿ ತಡೆಯುವುದಕ್ಕೂ ಸುಮಾರು 160 ಕಿ.ಗ್ರಾಂ. ಭಾರವನ್ನು ಹಿಡಿದು ನಿಲ್ಲಿಸುವಷ್ಟು ಬಲ ಬೇಕು. ತೋಳುಗಳಿಗೆ ಇದು ಅಸಾಧ್ಯ; ಆದ್ದರಿಂದ ಮಕ್ಕಳಿಗೆ ಪ್ರತ್ಯೇಕ ಆಸನ ಅಗತ್ಯ.

ರಕ್ಷಣಾ ವ್ಯವಸ್ಥೆಗಳು

ಕ್ರಂಪಲ್ ಜೋನ್ ಎಂದು ಕರೆಯಲಾಗುವ ಮುಂಭಾಗವು ನಜ್ಜುಗುಜ್ಜಾಗಿ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಪ್ರಯಾಣಿಕರಿರುವ ಗಟ್ಟಿಯಾದ ಕೋಶವು ಆಕಾರ ಉಳಿಸಿಕೊಳ್ಳುತ್ತದೆ. ಮುಂಭಾಗ ಕುಗ್ಗುವುದರಿಂದ ದೊರೆಯುವ ದೂರವು, ಸೀಟ್ ಬೆಲ್ಟ್ ಧರಿಸಿ ಕಾರಿನೊಂದಿಗೆ ಬಂಧಿತರಾದವರಿಗೆ ಮಾತ್ರ ಪೂರ್ಣವಾಗಿ ಒದಗುತ್ತದೆ. ವೋಲ್ವೋ ಸಂಸ್ಥೆಯ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ ಮೂರು ಬಿಂದುಗಳ ಬೆಲ್ಟ್, ಬಲವನ್ನು ಎದೆ ಮತ್ತು ಸೊಂಟದ ಗಟ್ಟಿ ಎಲುಬುಗಳಿಗೆ ಹಂಚುತ್ತದೆ. ಏರ್‌ಬ್ಯಾಗ್ ಬೆಲ್ಟಿಗೆ ಪೂರಕವೇ ಹೊರತು ಪರ್ಯಾಯವಲ್ಲ. ಬೆಲ್ಟ್ ಇಲ್ಲದೆ ಮುಂದಕ್ಕೆ ಜಾರಿದವರಿಗೆ, ರಭಸದಿಂದ ಅರಳುವ ಏರ್‌ಬ್ಯಾಗ್‌ನಿಂದಲೇ ಪೆಟ್ಟಾಗಬಹುದು.

ಭಾರತದಲ್ಲಿ ನಿಯಮಗಳು

ಹಿಂದಿನ ಆಸನದಲ್ಲೂ ಸೀಟ್ ಬೆಲ್ಟ್ ಕಡ್ಡಾಯ. ಉಲ್ಲಂಘನೆಗೆ ಮೋಟಾರು ವಾಹನ ಕಾಯ್ದೆಯು 1000 ರೂಪಾಯಿ ದಂಡ ವಿಧಿಸುತ್ತದೆ. ಹಿಂದೆ ಬೆಲ್ಟ್ ಧರಿಸದೆ ಕುಳಿತವರು ಡಿಕ್ಕಿಯಲ್ಲಿ ಮುಂದಿನವರ ಜೀವಕ್ಕೂ ಅಪಾಯ ತರಬಲ್ಲರು. ಹೊಸ ಕಾರುಗಳನ್ನು ಡಿಕ್ಕಿ ಪರೀಕ್ಷೆಗೆ ಒಳಪಡಿಸಿ ನಕ್ಷತ್ರ ಶ್ರೇಣಿ ನೀಡುವ ಭಾರತ್ ಎನ್‌ಕ್ಯಾಪ್ ವ್ಯವಸ್ಥೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.