ಊಟಕ್ಕೂ ಒಂದು ಹೊತ್ತು

ಬೆಳಿಗ್ಗೆ ಒಂಬತ್ತಕ್ಕೆ ಉಂಡ ಮುದ್ದೆಗೂ ರಾತ್ರಿ ಹನ್ನೊಂದಕ್ಕೆ ಉಂಡ ಮುದ್ದೆಗೂ ವ್ಯತ್ಯಾಸವೇನು? ಎರಡರಲ್ಲೂ ಇರುವ ಕ್ಯಾಲರಿ ಒಂದೇ ಅಲ್ಲವೇ ಎಂದು ನೀವು ಕೇಳಬಹುದು. ತಟ್ಟೆಯ ಲೆಕ್ಕದಲ್ಲಿ ಹೌದು, ದೇಹದ ಲೆಕ್ಕ ಬೇರೆ.

ಮೆದುಳಿನ ತಳಭಾಗದ ಹೈಪೊಥಲಾಮಸ್‌ನಲ್ಲಿ ನರಕೋಶಗಳ ಒಂದು ಪುಟ್ಟ ಗುಂಪಿದೆ. ಕಣ್ಣಿನ ಮೂಲಕ ಬರುವ ಬೆಳಕಿನ ಸುಳಿವಿನಿಂದ ಹಗಲು-ರಾತ್ರಿಗಳ ಲೆಕ್ಕ ಇಡುವ ಮುಖ್ಯ ಗಡಿಯಾರ ಇದೇ. ಯಕೃತ್ತು, ಮೇದೋಜೀರಕ ಗ್ರಂಥಿ, ಕೊಬ್ಬಿನ ಅಂಗಾಂಶಗಳಲ್ಲೂ ಕಿರುಗಡಿಯಾರಗಳಿವೆ. ಇವು ಊಟದ ಹೊತ್ತನ್ನೂ ಅನುಸರಿಸುತ್ತವೆ. ಇಂಥ ಗಡಿಯಾರದ ಒಳಗುಟ್ಟನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಕತ್ತಲಾದಂತೆ ದೇಹದಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಅದು ನಿದ್ರೆಗೆ ಅಣಿಮಾಡುವುದರ ಜೊತೆಗೆ ಇನ್ಸುಲಿನ್ ಸ್ರವಿಸುವುದನ್ನೂ ತಗ್ಗಿಸುತ್ತದೆ. ಆಗ ಹೊಟ್ಟೆತುಂಬ ಉಂಡರೆ ರಕ್ತದ ಸಕ್ಕರೆ ಹಗಲಿಗಿಂತ ಹೆಚ್ಚು ಏರುತ್ತದೆ, ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಬೊಜ್ಜಿಗೂ ಇದಕ್ಕೂ ಏನು ಸಂಬಂಧ? ಅಮೆರಿಕದ ಬಾಸ್ಟನ್ ನಗರದ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೋಡಿ. ತೂಕ ಹೆಚ್ಚಿದ್ದ 16 ಮಂದಿಗೆ ಅದೇ ಆಹಾರವನ್ನು ಒಮ್ಮೆ ಬೇಗ, ಇನ್ನೊಮ್ಮೆ ಸುಮಾರು 4 ಗಂಟೆ ತಡವಾಗಿ ಕೊಟ್ಟರು. ತಡವಾಗಿ ಉಂಡಾಗ ಹಸಿವು ಹೆಚ್ಚಿತು. ಹೊಟ್ಟೆ ತುಂಬಿದೆಯೆಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನು ಎಚ್ಚರದ ಹೊತ್ತಿನಲ್ಲಿ ತಗ್ಗಿತು. ದೇಹ ವ್ಯಯಿಸುವ ಶಕ್ತಿಯೂ ಕಡಿಮೆಯಾಯಿತು. ಸ್ಪೇನ್ ದೇಶದಲ್ಲಿ ತೂಕ ಇಳಿಸಲು ಬಂದಿದ್ದ 420 ಮಂದಿಯನ್ನು 20 ವಾರ ಗಮನಿಸಿದ 2013ರ ಅಧ್ಯಯನದಲ್ಲೂ, ಮಧ್ಯಾಹ್ನದ ಊಟವನ್ನು ಮೂರು ಗಂಟೆಯ ನಂತರ ಮಾಡುತ್ತಿದ್ದವರ ತೂಕ ಕಡಿಮೆ ಇಳಿದಿತ್ತು. ಅವರು ತಿಂದದ್ದು ಮಾತ್ರ ಉಳಿದವರಿಗಿಂತ ಹೆಚ್ಚಲ್ಲ.

ಹಾಗೆಂದು ಹೊತ್ತೊಂದೇ ಬೊಜ್ಜಿಗೆ ಕಾರಣವಲ್ಲ. ಏನು ತಿನ್ನುತ್ತೇವೆ, ಎಷ್ಟು ತಿನ್ನುತ್ತೇವೆ, ಎಷ್ಟು ಓಡಾಡುತ್ತೇವೆ, ವಂಶದಿಂದ ಏನು ಬಂದಿದೆ ಎಲ್ಲವೂ ಸೇರುತ್ತವೆ. ಆದ್ದರಿಂದ ದಪ್ಪಗಿರುವ ಸಹಪಾಠಿಯನ್ನು ಹೊಟ್ಟೆಬಾಕನೆಂದು ಅಣಕಿಸುವುದು ಅನ್ಯಾಯವಷ್ಟೇ ಅಲ್ಲ, ಅವೈಜ್ಞಾನಿಕವೂ ಹೌದು.

ಪರೀಕ್ಷೆಯ ದಿನಗಳನ್ನೇ ನೆನಪಿಸಿಕೊಳ್ಳಿ. ನಡುರಾತ್ರಿಯವರೆಗೆ ಓದು, ಪಕ್ಕದಲ್ಲಿ ಚಕ್ಕುಲಿಯ ಡಬ್ಬಿ, ಬೆಳಿಗ್ಗೆ ತಿಂಡಿ ಬಿಟ್ಟು ಬಸ್ಸಿಗೆ ಓಟ! ಇದು ನಾಲ್ಕು ದಿನದ ಮಾತಾದರೆ ಚಿಂತೆಯಿಲ್ಲ. ಅಭ್ಯಾಸವಾಗಿ ಬೇರೂರಿದರೆ ತೂಕಕ್ಕೂ, ಮುಂದೆ ಸಕ್ಕರೆ ಕಾಯಿಲೆಗೂ ದಾರಿಯಾಗಬಹುದು. ಬೆಳಗಿನ ಬಿಸಿಲಿಗೆ ಮೈಯೊಡ್ಡಿ, ತಿಂಡಿ ತಪ್ಪಿಸಬೇಡಿ, ಮಲಗುವುದಕ್ಕೆ ಎರಡು-ಮೂರು ಗಂಟೆ ಮೊದಲೇ ಊಟ ಮುಗಿಸಿ, ಭಾನುವಾರವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಲಗಿ ಏಳಿ. ಇದಕ್ಕೆ ಖರ್ಚೇನೂ ಇಲ್ಲ, ಇಂದಿನಿಂದಲೇ ತೊಡಗಬಹುದು.